ನೀವು ನೋಡಿಬಂದ ಕತ್ತಲೆಯ ಕುರಿತು

ಮಾನ್ಯ ಬೀದಿದೀಪ ಅಧಿಕಾರಿಗಳೇ,

ನೀರಿನ ಕೊಳವೆಯ ಚರ್ಚೆಗಿಂತ ಮೊದಲು ಈ ಪತ್ರವನ್ನು ಓದಿಸಲು ಒಪ್ಪಿದ ನಾಗರಿಕ ಸಭೆಯ ಹಿರಿಯರಿಗೆ ಕೃತಜ್ಞತೆಗಳು. ನೆರೆದ ಎಲ್ಲರಿಗೂ ನಮಸ್ಕಾರ. ವಿಷಯ ಇಷ್ಟೇ: ನಮ್ಮ ಶಾಲೆಯ ಮೈದಾನದಲ್ಲಿ ನಾಲ್ಕು ಹೊನಲು-ಬೆಳಕಿನ ದೀಪಗಳನ್ನು ನಿಲ್ಲಿಸಿ ಮಕ್ಕಳ ಆಕಾಶವನ್ನು ಅಳಿಸಿದವರು ನೀವು. ಮರುತಿಂಗಳೇ ರಜೆ ಹಾಕಿ, ಎರಡು ದಿನ ಪ್ರಯಾಣ ಮಾಡಿ, ದೀಪವೇ ಇಲ್ಲದ ಜಾಗದಲ್ಲಿ ನಕ್ಷತ್ರ ನೋಡಿಬಂದವರೂ ನೀವೇ. ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಒಪ್ಪಿಕೊಂಡರೆ ಮುಂದಿನ ಮಾತುಗಳನ್ನು ತೂಗಿ ನೋಡಲು ನಿಮಗೆ ಸುಲಭವಾದೀತು.

ಆ ಪ್ರವಾಸದ ಚಿತ್ರಗಳನ್ನು ತೋರಿಸಲು ನಮ್ಮ ಶಾಲೆಗೇ ಬಂದಿರಿ. ಸಭಾಂಗಣದ ಪರದೆಗಳನ್ನೆಲ್ಲ ಎಳೆಸಿ, ಬಾಗಿಲ ಸಂದಿಗೂ ಬಟ್ಟೆ ತುರುಕಿಸಿ, "ಇನ್ನೂ ಸ್ವಲ್ಪ ಕತ್ತಲೆ ಬೇಕು" ಎಂದಿರಿ. ನಿಮ್ಮ ಬಾಯಿಂದ ಆ ಮಾತು ಕೇಳಲು ನಾನೆಷ್ಟು ಅರ್ಜಿ ಬರೆದಿದ್ದೆನೆಂಬುದು ನಿಮ್ಮ ಗುಮಾಸ್ತರಿಗೆ ಗೊತ್ತು. ನೀವು ಹೋದ ಜಾಗದಲ್ಲಿ ಆಕಾಶಗಂಗೆಯ ಬೆಳಕಿಗೆ ನಿಮ್ಮ ಕೈಯ ನೆರಳು ಬಿಳಿ ಹಾಳೆಯ ಮೇಲೆ ಬಿತ್ತಂತೆ. ಇಪ್ಪತ್ತಾರು ವರ್ಷಗಳಿಂದ ಆಕಾಶಗಂಗೆಯ ಪಾಠ ಮಾಡುತ್ತಿರುವ ನಾನು ಕಪ್ಪು ಹಲಗೆಗೆ ಡಸ್ಟರ್ ಬಡಿದು, ಹಾರಿದ ಸೀಮೆಸುಣ್ಣದ ಪುಡಿ ತೋರಿಸಿ ಹೀಗಿರುತ್ತದೆ ಎನ್ನುತ್ತೇನೆ. ಕಣ್ಣಾರೆ ಕಂಡಿಲ್ಲ. ಮೂರನೆಯ ಸಾಲಿನಲ್ಲಿ ಕುಳಿತು ನಿಮ್ಮ ನೆರಳಿನ ಮೇಲೂ ಅಸೂಯೆಪಟ್ಟೆ.

ನಮ್ಮ ಮಕ್ಕಳದೊಂದು ಪದ್ಧತಿಯಿದೆ. ಪ್ರತಿ ಶುಕ್ರವಾರ ಸಂಜೆ ಮೈದಾನದ ನಡುವೆ ನಿಂತು, ರಟ್ಟಿನ ಕೊಳವೆಯೊಂದನ್ನು ಆಕಾಶದ ಹತ್ತು ಕಡೆಗೆ ತಿರುಗಿಸಿ, ಒಳಗೆ ಕಂಡ ನಕ್ಷತ್ರಗಳನ್ನು ಎಣಿಸಿ ಬರೆಯುತ್ತಾರೆ. ಹನ್ನೊಂದು ವರ್ಷಗಳ ಪುಸ್ತಕವದು. ಕಳೆದ ವರ್ಷ ನಲವತ್ತರ ಆಸುಪಾಸಿನಲ್ಲಿದ್ದ ಸಂಖ್ಯೆ ಈಗ ಆರು. ಪುಸ್ತಕದ ಹೊಣೆ ಹೊತ್ತ ಹುಡುಗಿ, ಗೆಳತಿಯರ ಬಾಯಲ್ಲಿ 'ದುರ್ಬೀನು', ಮೂರು ವಾರ ಉತ್ತರದಲ್ಲಿ ಅಲುಗಾಡದೆ ನಿಂತ ಚುಕ್ಕೆಯೊಂದನ್ನು ಧ್ರುವನೆಂದು ಬರೆದಳು. ನಾನು ಬೆನ್ನು ತಟ್ಟಿ ಸಹಿ ಹಾಕಿದೆ. ನಾಲ್ಕನೆಯ ವಾರ ಧ್ರುವ ಆರಿಹೋಯಿತು. ಮರುದಿನ ನಿಮ್ಮ ಸಿಬ್ಬಂದಿ ಉತ್ತರ ದಿಕ್ಕಿನ ಎತ್ತರದ ನೀರಿನ ತೊಟ್ಟಿಯ ಮೇಲೇರಿ ಬಲ್ಬು ಬದಲಿಸಿದರು. ಕಣ್ಣು ಕುಕ್ಕುವ ಬೆಳಕಿನಲ್ಲಿ ನಮಗೆ ತೊಟ್ಟಿಯೇ ಕಂಡಿರಲಿಲ್ಲ. ನಗಬೇಕೆನಿಸಿದವರು ನಗಬಹುದು.

ನಿಮ್ಮ ಚಿತ್ರಗಳು ಮುಗಿದ ಮೇಲೆ ಅವಳು ನನ್ನ ಬಳಿ ಬಂದಳು.

"ಸರ್, ನೀವು ಇದನ್ನ ನಿಜವಾಗ್ಲೂ ನೋಡಿದ್ದೀರಾ?"

ನೋಡಿದ್ದೀನಮ್ಮ ಎಂದೆ.

"ಸುಳ್ಳು ಹೇಳ್ಬೇಡಿ ಸರ್. ನೋಡಿದ್ರೆ ಆ ಬಲ್ಬಿಗೆ ಸಹಿ ಹಾಕ್ತಿದ್ರಾ? ಆಕಾಶ ಎಲ್ಲ ರಜಾ ಹಾಕಿ ಹೋಗೋರಿಗೆ, ಬಿಡಿ."

ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು ಹೋದಳು. ಎರಡು ಶುಕ್ರವಾರಗಳ ಪುಟ ಖಾಲಿಯಿದೆ.

ದೀಪ ಆರಿಸಿರೆಂದು ನಾನು ಕೇಳುತ್ತಿಲ್ಲ. ರಾತ್ರಿ ಮೈದಾನ ಹಾದು ನಡೆಯುವವರಿಗೆ ಬೆಳಕು ಬೇಕು. ಆದರೆ ಮೇಲೆ ಯಾರು ನಡೆದಾಡುತ್ತಾರೆಂದು ಅಷ್ಟು ಬೆಳಕನ್ನು ಮೇಲಕ್ಕೆ ಚೆಲ್ಲುತ್ತಿದ್ದೀರಿ? ಬೆಳಕು ನೆಲಕ್ಕಷ್ಟೇ ಬೀಳುವಂತೆ ಹಳೆಯ ಎಣ್ಣೆ ಡಬ್ಬಗಳನ್ನು ಕತ್ತರಿಸಿ ಮಕ್ಕಳೇ ನಾಲ್ಕು ಮರೆಗಳನ್ನು ಮಾಡಿದ್ದಾರೆ. ಅವು ಶಿಕ್ಷಕರ ಕೊಠಡಿಯಲ್ಲಿ, ಛತ್ರಿಗಳ ಪಕ್ಕದಲ್ಲಿ ಕಾಯುತ್ತಿವೆ. ನಿಮ್ಮಿಂದ ಬೇಕಿರುವುದು ಅನುಮತಿ, ಒಬ್ಬ ಕೆಲಸಗಾರ, ಒಂದು ಏಣಿ.

ನಿನ್ನೆ ನನ್ನ ಸುಳ್ಳನ್ನು ಅವಳೆದುರು ಒಪ್ಪಿಕೊಂಡು, ಪುಸ್ತಕದಲ್ಲಿ ಆ ಸಹಿಯನ್ನು ಹೊಡೆದುಹಾಕಿದೆ. ಅವಳು ಒಂದೇ ಮಾತು ಹೇಳಿದಳು: "ಏಣಿ ಬಂದ್ರೆ ನಾನೂ ಬರ್ತೀನಿ ಸರ್."

ಆದ್ದರಿಂದ ಈ ಶುಕ್ರವಾರ ಐದು ಗಂಟೆಗೆ ಏಣಿ ಕಳಿಸಿ. ಸಭೆಯಲ್ಲಿರುವವರೂ ಬನ್ನಿ, ಕೆಳಗೆ ಹಿಡಿದುಕೊಳ್ಳಲು ಕೈಗಳು ಬೇಕು. ಗೇಟಿನ ಪಕ್ಕದ ಕಂಬದಿಂದಲೇ ಶುರುಮಾಡೋಣ.

ಇಂತಿ,
ಬಲ್ಬೊಂದನ್ನು ಧ್ರುವನೆಂದು ದೃಢೀಕರಿಸಿದ
ವಿಜ್ಞಾನದ ಮೇಷ್ಟ್ರು