ಗಿರಣಿಯವರಿಗೆ ಕೇಳಿಸದ ಕಾರು

ವಿದ್ಯಾನಗರ, ದಾವಣಗೆರೆ
ಭಾನುವಾರ, ಅಮಾವಾಸ್ಯೆ
ಏಪ್ರಿಲ್ 1998

ಪ್ರೀತಿಯ ಕೊಟ್ಟೂರೇಶ್,

ಬಾಯಿಬಿಟ್ಟು ನಿಮ್ಮ ಹೆಸರು ಕರೆದವಳಲ್ಲ ನಾನು. ಮದುವೆಯ ದಿನ ಎಲ್ಲರ ಮುಂದೆ ಒಡಪು ಹಾಕಿ ಹೇಳಿದ್ದೇ ಮೊದಲು, ಅದೇ ಕೊನೆ. ಕಾಗದದ ಮೇಲೆ ಬರೆಯಲು ಅಡ್ಡಿಯಿಲ್ಲ ಅಂದುಕೊಂಡಿದ್ದೇನೆ. ಪಕ್ಕದ ಮನೆಯ ಬೋರಣ್ಣ ಸಂಜೆಯ ಬಸ್ಸಿಗೆ ಉಕ್ಕಡಗಾತ್ರಿಯ ಅಜ್ಜಯ್ಯನ ಗದ್ದುಗೆಗೆ ಹೊರಟಿದ್ದಾರೆ. ನೀವು ಅತ್ತೆಯವರನ್ನು ಕರೆದುಕೊಂಡು ಅಲ್ಲೇ ಉಳಿದಿರುವುದು ಅವರಿಗೆ ಗೊತ್ತು. "ಏನರ ಕೊಡಾದಿದ್ರೆ ಕೊಡ್ರಕ್ಕ, ಆದ್ರ ಬಸ್ಸು ನಮ್ಮಪ್ಪಂದಲ್ಲ, ಲಗೂನ ಕೊಡ್ರಿ" ಎಂದು ಆಗಲೇ ಒಮ್ಮೆ ಬಂದು ಹೇಳಿ ಹೋದರು. ಹಾಗಾಗಿ ಅಕ್ಷರ ಅಂದವಾಗಿಲ್ಲದಿದ್ದರೆ ಕ್ಷಮಿಸಿ.

ಕರೆಂಟು ಹೋಗಿದೆ. ಫ್ಯಾನು ನಿಂತಿದೆ, ಎದುರಿಗೆ ನಮ್ಮ ಗಿರಣಿಯೂ ನಿಂತಿದೆ. ಕಟ್ಟೆಯ ಮೇಲೆ ಜನರ ಹಿಟ್ಟಿನ ಡಬ್ಬಿಗಳು ಸಾಲಾಗಿ ಕೂತಿವೆ. ನೀವಿಲ್ಲದ ಎರಡು ದಿನಕ್ಕೆ ಗಿರಣಿ ನೋಡಿಕೊಳ್ಳುತ್ತಿರುವ ನಿಂಗಪ್ಪ ಚೀಲದ ಮೇಲೆ ಒರಗಿ, ಬಂದವರಿಗೆಲ್ಲ "ಬರ್ತತಿ, ಬರ್ತತಿ" ಅನ್ನುತ್ತಿದ್ದಾನೆ. ನಾನು ಮೂರು ಸಲ ಎದ್ದು ಬಾಗಿಲಿಗೆ ಹೋಗಿ ಬಂದೆ. ಕುಳಿತಲ್ಲಿ ಕೂರಲಾಗುತ್ತಿಲ್ಲ.

ಬಾಯಲ್ಲಿ ಹೇಳದೆ ಬರೆಯುವುದೇಕೆ ಎಂದು ನೀವು ಕೇಳಬಹುದು. ಮನೆಯಲ್ಲಿ ಈ ಮಾತು ಎತ್ತಿದಾಗಲೆಲ್ಲ ನೀವು ಒಂದು ಚಟಾಕಿ ಹಾರಿಸಿ ಗಿರಣಿಯ ಸ್ವಿಚ್ಚು ಹಾಕಿಬಿಡುತ್ತೀರಿ. ಆ ಸದ್ದಿನೊಳಗೆ ನನ್ನ ದನಿ ಎಲ್ಲಿ ಕೇಳಬೇಕು? ಕಾಗದವಾದರೆ ಕೊನೆಯವರೆಗೂ ಓದಲೇಬೇಕಾಗುತ್ತದೆ.

ವಿಷಯ ಹರಿಹರದ ಸೂರಪ್ಪನವರು ಮಾರುತ್ತಿರುವ ಬ್ಯಾಟರಿ ಕಾರಿನದು. ಬಸವ ಜಯಂತಿಗೆ ಇನ್ನು ಮೂರೇ ದಿನ. ಅಷ್ಟರಲ್ಲಿ ನಾವು ಹೂಂ ಅನ್ನದಿದ್ದರೆ ಅದು ರಾಣೆಬೆನ್ನೂರಿನ ಡಾಕ್ಟರ ಮನೆಗೆ ಹೋಗುತ್ತದೆ. ಅವರಿಗೆ ಅದು ಮಕ್ಕಳನ್ನು ಕಾಂಪೌಂಡಿನೊಳಗೆ ಸುತ್ತಿಸಲು ಬೇಕಂತೆ. ನನಗೆ ಅದು ಕೆಲಸಕ್ಕೆ ಹೋಗಲು ಬೇಕು. ನಾನು ಕಾಯಲಾರೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಕಾರಣ ಹೇಳಲು ನನಗೆ ಬರುವುದಿಲ್ಲ.

ಹೋದ ತಿಂಗಳು ಹರಿಹರ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ನಾನು ಬಿದ್ದೆ. ಬಸ್ಸಿನ ಮೆಟ್ಟಿಲು ನನ್ನ ಎಡಗಾಲಿಗೆ ಯಾವತ್ತೂ ಎತ್ತರವೇ. ಪೋಲಿಯೋ ಬಂದ ಕಾಲು ನೆಲ ಸಿಗುವ ತನಕ ನೆಲವನ್ನು ನಂಬುವುದಿಲ್ಲ. ಅಂದು ಕಂಡಕ್ಟರ್ ಸೀಟಿ ಊದಿದ, ಡ್ರೈವರ್ ಬಿಟ್ಟ, ಅಷ್ಟೇ. ಅಂದಿನಿಂದ ರಜೆಯಲ್ಲಿದ್ದೇನೆ. "ಕೆಲಸ ಬಿಟ್ಟುಬಿಡು ಪೂರ್ಣಿ, ನಾ ಇಲ್ಲೇನು?" ಎಂದು ನೀವು ಮೊದಲ ದಿನ ಹೇಳಿದಾಗ ಪ್ರೀತಿಯೆನಿಸಿತು. ವಾರ ಬಿಟ್ಟು ಹೇಳಿದಾಗ ಹೆದರಿಕೆಯಾಯಿತು. ಈಗ ಅತ್ತೆಯವರೂ ಅದನ್ನೇ ಹೇಳುತ್ತಾರೆ. ನಾನು ರಾಜೀನಾಮೆ ಕೊಟ್ಟೇಬಿಟ್ಟೆನೇನೋ ಎಂಬಂತೆ ಮೊನ್ನೆ ಉಪ್ಪಿನಕಾಯಿಗೆ ಹೆಚ್ಚು ಮಾವಿನಕಾಯಿ ತರಿಸಿದರು.

ನಾನು ಹರಿಹರದ ಲೈಬ್ರರಿಯಲ್ಲಿ ಮಾಡುವುದು ದೊಡ್ಡ ಕೆಲಸವೇನಲ್ಲ. ಬೆಳಗ್ಗೆ ಪೇಪರುಗಳನ್ನು ಕೋಲಿಗೆ ಸಿಕ್ಕಿಸಿ ಹರಡುತ್ತೇನೆ, ಸಂಜೆ ಮಡಚಿ ಕಟ್ಟುತ್ತೇನೆ, ನಡುವೆ ಪುಸ್ತಕ ಕೊಡುತ್ತೇನೆ. ಆದರೆ ನಮ್ಮಪ್ಪನ ಪೇಪರ್ ಏಜೆನ್ಸಿ ನಿಮಗೆ ನೆನಪಿದೆಯಲ್ಲ? ತಂಗಿಯರು ಕುಂಟೆಬಿಲ್ಲೆ ಆಡುತ್ತಿದ್ದಾಗ ನಾನು ಅಲ್ಲಿ ಬಂಡಲು ಬಿಚ್ಚಿ ಹಂಚುವ ಹುಡುಗರ ಲೈನಿನ ಪ್ರಕಾರ ಪೇಪರು ಜೋಡಿಸುತ್ತಿದ್ದೆ. ಊರು ನನಗೆ ಕಾಲಲ್ಲಿ ಸಿಗಲಿಲ್ಲ, ಪೇಪರಿನಲ್ಲಿ ಸಿಕ್ಕಿತು. ಯಾವ ಸುದ್ದಿ ಮೊದಲ ಪುಟದ್ದು, ಯಾವುದು ಮೂರನೇ ದಿನಕ್ಕೆ ಸುಳ್ಳಾಗುತ್ತದೆ ಎಂದು ಅಲ್ಲಿಯೇ ಕಲಿತೆ. ಆ ಕೋಲು, ಆ ಮಸಿವಾಸನೆ ಬಿಟ್ಟು ಮನೆಯಲ್ಲಿ ಕೂತರೆ ನಾನು ಬರೀ ಕಾಲಾಗಿ ಉಳಿಯುತ್ತೇನೆ.

ಈಗ ನಿಮ್ಮ ಆಕ್ಷೇಪಣೆಗಳಿಗೆ ಬರುತ್ತೇನೆ.

"ಕರೆಂಟ್ ನಂಬಿ ಕೆಟ್ಟೋನು ನಾನೊಬ್ಬ ಸಾಲದೇನು? ನೀನೂ ಯಾಕ?" ಎಂದಿರಿ. ಒಪ್ಪುತ್ತೇನೆ. ಹಾಪರಿನಲ್ಲಿ ಅರ್ಧ ಜೋಳ ಇರುವಾಗ ಕೈಕೊಡುವ ಕರೆಂಟನ್ನು ನಿಮ್ಮಷ್ಟು ಬಲ್ಲವರು ಈ ಓಣಿಯಲ್ಲಿ ಯಾರೂ ಇಲ್ಲ. "ನಮ್ಮ ಕೊಟ್ರಗ ಕರೆಂಟು ಅಂದ್ರ ಎರಡನೇ ಹೇಣ್ತಿ ಇದ್ದಂಗೆ, ಯಾವಾಗ ತೌರಿಗೆ ಹೋಗ್ತಾಳೋ ಗೊತ್ತಿಲ್ಲ" ಎಂದು ಅತ್ತೆಯವರು ನಗಾಡುವುದೂ ಅದಕ್ಕೇ. ಆದರೆ ಪೇಪರಿನಲ್ಲಿ ಬಂದ ಲೋಡ್ ಶೆಡ್ಡಿಂಗ್ ವೇಳಾಪಟ್ಟಿಯನ್ನು ಕತ್ತರಿಸಿ ಅಡುಗೆಮನೆ ಬಾಗಿಲಿಗೆ ಅಂಟಿಸಿದವಳು ನಾನು. ಅದು ಹೇಳುವುದೇನು? ಬೆಳಗ್ಗೆ ಹೋಗುತ್ತದೆ, ಮಧ್ಯಾಹ್ನ ಹೋಗುತ್ತದೆ, ಜನ ಮಲಗಿದ ಮೇಲೆ ಇರುತ್ತದೆ. ಗಿರಣಿಗೆ ಗಿರಾಕಿ ಬಂದಾಗಲೇ ಕರೆಂಟು ಬೇಕು. ಕಾರಿಗೆ ಹಾಗಲ್ಲ, ಅದು ನಾವು ಮಲಗಿದ್ದಾಗ ಉಂಡು ಬೆಳಗ್ಗೆ ದುಡಿಯುತ್ತದೆ.

ಒಮ್ಮೆ ಚಾರ್ಜ್ ಮಾಡಿದರೆ ಅರವತ್ತು ಕಿಲೋಮೀಟರ್ ಎಂದು ಸೂರಪ್ಪನವರು ಹೇಳುತ್ತಾರೆ. ಮಾರುವವರ ಲೆಕ್ಕದಲ್ಲಿ ಮೂರರಲ್ಲಿ ಒಂದು ಪಾಲು ಕಳೆದುಬಿಡೋಣ. ಆದರೂ ಹರಿಹರಕ್ಕೆ ಹೋಗಿ ಬರಲು ಸಾಕು, ಮೇಲೆ ಸಂತೆಗೂ ಮಿಗುತ್ತದೆ. ಬಾತಿ ಹತ್ತಿರದ ಏರಿನಲ್ಲಿ ನಿಧಾನ ಹೋಗುತ್ತದೆ, ಅದು ನಿಜ. ಲಾರಿಯವರು ಹಾರನ್ ಹೊಡೆಯುತ್ತಾರೆ, ಹೊಡೆಯಲಿ. ಬ್ಯಾಟರಿಗಳಿಗೆ ನೀರು ನೋಡಬೇಕು, ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು, ಇದನ್ನೂ ಮುಚ್ಚಿಡುವುದಿಲ್ಲ. ಹಣದ ಮಾತನ್ನು ನಾವು ಆಗಲೇ ಆಡಿ ಮುಗಿಸಿದ್ದೇವೆ, ಅದು ಅಡ್ಡಿಯಲ್ಲ ಎಂದವರು ನೀವೇ. ಲೈಬ್ರರಿಯಲ್ಲಿ ಚಾರ್ಜ್ ಹಾಕಿಕೊಳ್ಳಬಹುದಲ್ಲ ಎಂದು ನನ್ನ ಜೊತೆ ಕೆಲಸ ಮಾಡುವ ಶಹಜಾದಿ ಹೇಳಿದಳು. ಸರ್ಕಾರದ ಕರೆಂಟನ್ನು ನನ್ನ ಕಾರಿಗೆ ಹಾಕುವವಳು ನಾನಲ್ಲ ಎಂದೆ. "ಅಯ್ಯ, ಸರ್ಕಾರದ ಫ್ಯಾನಿನ ಗಾಳಿ ಕುಡೀತೀ, ಅದಕ್ಕ ಬಿಲ್ ಕಟ್ಟೀಯೇನೇ?" ಎಂದು ನಕ್ಕಳು.

"ಸೂರಪ್ಪಗೇ ಬ್ಯಾಡಾದದ್ದು ನಮಗ್ಯಾಕ?" ಇದು ನಿಮ್ಮ ಎರಡನೆಯ ಪ್ರಶ್ನೆ. ಅವರು ಗದ್ದೆ ನೋಡಿಕೊಳ್ಳಲು ಕಡರನಾಯಕನಹಳ್ಳಿಗೆ ಹೋಗಿ ನೆಲೆಸುತ್ತಿದ್ದಾರೆ. ಆ ಊರಿನಲ್ಲಿ ಪಂಪ್‌ಸೆಟ್ಟಿಗೇ ಸರಿಯಾಗಿ ಕರೆಂಟು ಸಿಗುವುದಿಲ್ಲ, ಕಾರಿಗೆಲ್ಲಿ? ಇದರಲ್ಲಿ ಮೋಸವಿಲ್ಲ.

ಮೂರನೆಯದು, ಬೇರೆ ಗಾಡಿ ಆಗದೇ ಎಂಬುದು. ಪಕ್ಕಕ್ಕೆ ಹೆಚ್ಚುವರಿ ಚಕ್ರ ಜೋಡಿಸಿದ ಸ್ಕೂಟರು ತರೋಣ ಎಂದು ನಾನು ಹಿಂದೆ ಕೇಳಿದಾಗ ಪಿ.ಬಿ. ರಸ್ತೆಯ ಲಾರಿಗಳ ಗಾಳಿಗೆ ಹಾರಿಹೋಗುತ್ತೀಯ ಎಂದು ನೀವೇ ಬೇಡವೆಂದಿರಿ. ಬೇರೆ ಕಾರಿಗೆ ಕ್ಲಚ್ಚು ಇರುತ್ತದೆ. ಅದನ್ನು ಎಡಗಾಲಿನಲ್ಲೇ ತುಳಿಯಬೇಕು. ಈ ಕಾರಿಗೆ ಕ್ಲಚ್ಚಿಲ್ಲ, ಗೇರಿಲ್ಲ. ಮುಂದಕ್ಕೆ, ಹಿಂದಕ್ಕೆ ಎಂದು ಒಂದು ಕಡ್ಡಿ, ಕೆಳಗೆ ಎರಡು ಪೆಡಲು. ಎರಡಕ್ಕೂ ಬಲಗಾಲು ಸಾಕು. ಯಾರೋ ಎಲ್ಲೋ ಕೂತು ನನ್ನನ್ನು ಕಾಣದೆಯೇ ನನ್ನ ಅಳತೆಗೆ ಹೊಲಿದ ಗಾಡಿ ಅದು. ನನಗೆ ನಿದ್ದೆ ಕೆಟ್ಟಿರುವುದು ಇದಕ್ಕೆ. ನನ್ನ ಕಾಲಿಗೆ ತಕ್ಕ ಗಾಡಿ ಲೋಕದಲ್ಲಿ ಇಲ್ಲ ಎಂದುಕೊಂಡಿದ್ದಾಗ ಬೇಸರವಿತ್ತು, ಚಡಪಡಿಕೆ ಇರಲಿಲ್ಲ.

ಇಷ್ಟೆಲ್ಲ ಬರೆದೆ. ಆದರೆ ನಿಮ್ಮನ್ನು ತಡೆದಿರುವುದು ಇವು ಯಾವುವೂ ಅಲ್ಲವೆಂದು ನನಗೆ ಗೊತ್ತು. ತಡೆದಿರುವುದು ಹೋದ ಸೋಮವಾರ.

ಹರಿಹರದ ಹೊಳೆದಂಡೆಯ ಬಯಲಿನಲ್ಲಿ ಸೂರಪ್ಪನವರು ನನ್ನನ್ನು ಸ್ಟೇರಿಂಗ್ ಮುಂದೆ ಕೂರಿಸಿದರು. ನನ್ನ ಊರುಗೋಲನ್ನು ನಿಮ್ಮ ಕೈಗೆ ಕೊಟ್ಟೆ. ಕೀಲಿ ತಿರುಗಿಸಿದೆ. ಏನೂ ಸದ್ದಾಗಲಿಲ್ಲ. ಆಗಬೇಕಾದದ್ದೂ ಇರಲಿಲ್ಲ, ಅದು ಹಾಗೆಯೇ ಶುರುವಾಗುವುದು. ಆದರೆ ನೀವು ಗಿರಣಿಯವರು. ಕಲ್ಲು ಸವೆದದ್ದನ್ನು, ಬೆಲ್ಟು ಸಡಿಲಾದದ್ದನ್ನು ಉಣ್ಣುತ್ತ ಕೂತಲ್ಲಿಂದಲೇ ಕಿವಿಯಿಂದ ಹೇಳುವವರು. ಸದ್ದು ನಿಂತಿತೆಂದರೆ ಕರೆಂಟು ಹೋಯಿತೆಂದು ಅರ್ಥ, ನಿಮ್ಮ ಆಯುಷ್ಯದಲ್ಲಿ ಅದಕ್ಕೆ ಬೇರೆ ಅರ್ಥವೇ ಬಂದಿಲ್ಲ. "ಹೋತಲ್ಲಪ್ಪ, ಹೋತು! ಪೂರ್ಣಿ, ಗಟ್ಟಿ ಹಿಡಕ, ನೂಕ್ತೀನಿ" ಎಂದು ಕೂಗಿ ಹಿಂದೆ ಬಂದು ಎರಡೂ ಕೈ ಕೊಟ್ಟು ನೂಕಿದಿರಿ. ಅದೇ ಹೊತ್ತಿಗೆ ನಾನು ಪೆಡಲು ಒತ್ತಿದೆ. ಕಾರು ನಿಮ್ಮ ಕೈಯಿಂದ ಜಾರಿ ಮುಂದೆ ಹೋಯಿತು. ನೀವು ಮರಳಿನ ಮೇಲೆ ಬೋರಲು ಬಿದ್ದಿರಿ, ನನ್ನ ಕೋಲು ನಿಮ್ಮ ಕೆಳಗೆ.

ನಾನದನ್ನು ನೋಡಲಿಲ್ಲ. ಒಂದು ಸುತ್ತು ಹಾಕಿದೆ. ಹೊಳೆ ನನ್ನ ಪಕ್ಕದಲ್ಲಿ ಓಡಿತು. ಯಾರ ಬೆನ್ನನ್ನೂ ಹಿಡಿಯದೆ, ಯಾರ ಹೆಗಲ ಮೇಲೂ ಕೈಯಿಡದೆ ಗಾಳಿ ಮುಖಕ್ಕೆ ಬಡಿದದ್ದು ಅದೇ ಮೊದಲು. ತಿರುಗಿ ಬಂದಾಗ ನೀವು ಮೊಣಕೈ ಒರೆಸಿಕೊಳ್ಳುತ್ತಿದ್ದಿರಿ, ಬಟ್ಟೆ ಒಗೆಯುವವರು ನಗುತ್ತಿದ್ದರು. ಸೂರಪ್ಪನವರು ಸುಮ್ಮನಿರದೆ "ಕೊಟ್ರೇಶಪ್ಪಾರ, ಇದೇನು ಹೂತ ಚಕ್ಕಡಿ ಏನ್ರಿ ನೂಕಾಕ?" ಎಂದುಬಿಟ್ಟರು. ನೀವು ನಗಲಿಲ್ಲ. "ಆಟದ ಸಾಮಾನು ಇದು, ಬ್ಯಾಡ ನಡಿ" ಎಂದಿರಿ. ಸ್ಕೂಟರನ್ನು ದಾವಣಗೆರೆಯ ಕಡೆ ತಿರುಗಿಸಿದಿರಿ.

ಜನ ನಕ್ಕದ್ದಕ್ಕೆ ಸಿಟ್ಟು ಎಂದು ಅಂದು ನಾನೂ ತಿಳಿದೆ. ಮರುದಿನ ಎದ್ದಾಗ ಮಂಚದ ಪಕ್ಕದಲ್ಲಿ ಕೋಲಿತ್ತು. ಸೀಳು ಬಿಟ್ಟಲ್ಲಿ ಗಿರಣಿಯ ಹಳೇ ಬೆಲ್ಟು ಸುತ್ತಿ ಸಣ್ಣ ಮೊಳೆ ಹೊಡೆದಿದ್ದಿರಿ, ಕೈಗೆ ಚುಚ್ಚದ ಹಾಗೆ ಮೊಳೆಯ ತುದಿ ಮಡಚಿದ್ದಿರಿ. ಅದನ್ನು ಹಿಡಿದು ಕೂತಾಗ ನನಗೆ ಬೇರೆಯೇ ಹೊಳೆಯಿತು. ಮದುವೆಯಾದ ಹೊಸದರಲ್ಲಿ ನನ್ನ ಕಾಲಿಡಲು ಸ್ಕೂಟರಿಗೆ ಅಗಲದ ಕಬ್ಬಿಣದ ಪಟ್ಟಿ ಬೆಸುಗೆ ಹಾಕಿಸಿ ತಂದವರು ನೀವು. ಗಿರಣಿ ನಿಲ್ಲಿಸಿ, ಗಿರಾಕಿಗಳಿಂದ ಬೈಸಿಕೊಂಡು, ನನ್ನನ್ನು ಬಸ್ಸಿಗೆ ಹತ್ತಿಸಿ ಬಂದವರು. ಹತ್ತಿಸುವುದು, ಇಳಿಸುವುದು, ನೂಕುವುದು, ಹಿಡಿಯುವುದು, ನಮ್ಮಿಬ್ಬರ ಸಂಸಾರ ನಡೆದದ್ದೇ ಹೀಗೆ. ಅಂದು ನಿಮ್ಮ ಕೈಯಿಂದ ಏನೋ ಜಾರಿ ಹೋಯಿತು, ಅದೂ ಸದ್ದಿಲ್ಲದೆ.

ಹೌದಲ್ಲವೇ? ಇಲ್ಲ ಎನ್ನುವುದಾದರೆ ನಾಳೆ ಎದುರಿಗೇ ಹೇಳಿ.

ಈಗ ನಿಮಗೆ ಹೇಳದ ಒಂದು ಸಂಗತಿ. ಶುಕ್ರವಾರ ಶಹಜಾದಿಯ ಜೊತೆ ಆಟೋದಲ್ಲಿ ಆರ್.ಟಿ.ಓ. ಕಚೇರಿಗೆ ಹೋಗಿದ್ದೆ. ಅಲ್ಲಿಯ ಸಾಹೇಬರು ನನ್ನ ಕೋಲು ನೋಡಿದರು, ಕಾಲು ನೋಡಿದರು, ಡಾಕ್ಟರ ಸರ್ಟಿಫಿಕೇಟು ಓದಿದರು. ಯಾವ ಗಾಡಿ ಎಂದು ಕೇಳಿದರು, ಹೇಳಿದೆ. "ಆತಮ್ಮ, ಕಲೀರಿ. ಪಕ್ಕಾ ಲೈಸೆನ್ಸಿಗೆ ಬರಾಗ ಆ ಗಾಡೀನೇ ತರ್ರಿ, ನಾನೂ ಒಮ್ಮೆ ನೋಡ್ತೀನಿ" ಎಂದರು. ಕಲಿಯುವವರಿಗೆ ಕೊಡುವ ಎಲ್.ಎಲ್.ಆರ್. ಈಗ ನನ್ನ ಚೀಲದಲ್ಲಿದೆ. ಅದರ ನಿಯಮ ಓದಿದೆ. ಕಲಿಯುವವರು ರಸ್ತೆಗೆ ಇಳಿಯಬೇಕಾದರೆ ಕಾರಿನ ಲೈಸೆನ್ಸ್ ಇರುವವರೊಬ್ಬರು ಪಕ್ಕದಲ್ಲಿ ಕೂತಿರಬೇಕು. ಹಿಟ್ಟಿನ ಚೀಲ ಸಾಗಿಸುವ ಟೆಂಪೋ ನಮ್ಮಲ್ಲಿದ್ದಾಗ ಲೈಸೆನ್ಸ್ ಮಾಡಿಸಿದವರು ಈ ಮನೆಯಲ್ಲಿ ಒಬ್ಬರೇ. ಆ ಕಾರಿನಲ್ಲಿ ಸೀಟುಗಳು ಇರುವುದೂ ಎರಡೇ.

ಬೋರಣ್ಣ ಮತ್ತೆ ಗೇಟು ಬಡಿಯುತ್ತಿದ್ದಾರೆ. "ಮಾಭಾರತ ಬರದ್ರೇನಕ್ಕ?" ಎಂದು ಕೇಳುತ್ತಿದ್ದಾರೆ. ಬೇಗ ಮುಗಿಸುತ್ತೇನೆ.

ನಾಳೆ ಬೆಳಗ್ಗೆ ನಾನು ಬಸ್ಸಿನಲ್ಲೇ ಹರಿಹರಕ್ಕೆ ಬರುತ್ತೇನೆ. ಬಿದ್ದ ಮೇಲೆ ಮೊದಲ ಸಲ. ಶಹಜಾದಿ ಜೊತೆಗಿರುತ್ತಾಳೆ. ಸೂರಪ್ಪನವರು ಕಾರನ್ನು ಬಸ್‌ಸ್ಟ್ಯಾಂಡಿನ ಹೊರಗೆ, ನಮ್ಮಪ್ಪನ ಪೇಪರ್ ಅಂಗಡಿ ಇದ್ದ ಬೇವಿನ ಮರದ ಕೆಳಗೆ ತಂದು ನಿಲ್ಲಿಸುತ್ತಾರೆ. ಉಕ್ಕಡಗಾತ್ರಿಯ ಬಸ್ಸು ಬರುವವರೆಗೆ ಕಾಯುತ್ತೇನೆ. ಅತ್ತೆಯವರನ್ನು ಶಹಜಾದಿ ಬಸ್ಸಿನಲ್ಲಿ ಮನೆಗೆ ಕರೆತರುತ್ತಾಳೆ. ಅತ್ತೆಯವರಿಗೆ ಮೊದಲೇ ಹೇಳಬೇಡಿ, "ನಾನೇ ಮೊದ್ಲು ಕುಂದ್ರಾಕಿ" ಎಂದು ಹಟ ಹಿಡಿದಾರು.

ನೀವು ಬೇಡವೆಂದರೆ ಬಸ್ಸಿನಿಂದ ಇಳಿದು ನೇರ ಮುಂದೆ ನಡೆದುಬಿಡಿ. ಅರ್ಥವಾಗುತ್ತದೆ, ಜಗಳ ಮಾಡುವುದಿಲ್ಲ. ಆದರೆ ಕೆಲಸ ಬಿಡುವುದಿಲ್ಲ. ಆ ಮೆಟ್ಟಿಲನ್ನೇ ದಿನವೂ ಹತ್ತುತ್ತೇನೆ, ಇಳಿಯುತ್ತೇನೆ. ಇದನ್ನು ಬೆದರಿಕೆಯೆಂದು ಓದಬೇಡಿ, ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ.

ಮರದ ಕಡೆ ಬಂದರೆ ಬೆಲ್ಟು ಸುತ್ತಿದ ಕೋಲನ್ನು ನಿಮ್ಮ ಕೈಗೆ ಕೊಡುತ್ತೇನೆ. ಅದನ್ನು ಹಿಡಿದು ಹಿಂದೆ ನಿಲ್ಲಬೇಡಿ, ಎಡಗಡೆಯ ಬಾಗಿಲು ತೆರೆದು ಕೂಡ್ರಿ, ಕೋಲನ್ನು ಕಾಲ ಬಳಿ ಇಟ್ಟುಕೊಳ್ಳಿ. ಕೀಲಿ ತಿರುಗಿಸುತ್ತೇನೆ. ಏನೂ ಕೇಳಿಸುವುದಿಲ್ಲ. ಕೇಳಿಸದಿದ್ದರೆ ನಿಂತಿತು ಎಂದುಕೊಳ್ಳಬೇಡಿ. ಹೊರಟಿದ್ದೇವೆ ಎಂದುಕೊಳ್ಳಿ.

ಇಗೋ, ಕರೆಂಟು ಬಂತು. ನಿಂಗಪ್ಪ ಗಿರಣಿ ಶುರು ಮಾಡಿದ. ಕಲ್ಲು ಕೊಂಚ ಒರಟಾಗಿ ಸದ್ದು ಮಾಡುತ್ತಿದೆ, ಬಂದ ಮೇಲೆ ನೋಡಿ. ಇಷ್ಟು ವರ್ಷ ನಿಮ್ಮ ಜೊತೆ ಇದ್ದು ಇಷ್ಟಾದರೂ ಕೇಳಲು ಕಲಿತಿದ್ದೇನೆ.

ಅಜ್ಜಯ್ಯನ ಎದುರು ನಿಂತಾಗ ನನ್ನ ಕಾಲಿಗಾಗಿ ಬೇಡಿಕೊಳ್ಳುವುದನ್ನು ಈ ಸಲ ಬಿಡಿ, ನಿಮ್ಮ ಮೊಣಕೈ ಗಾಯ ಬೇಗ ಮಾಯಲಿ ಎಂದು ಬೇಡಿಕೊಳ್ಳಿ. ತಣ್ಣಗೆ ತಿರುಗಿ ಬನ್ನಿ.

ಬೇವಿನ ಮರದ ಕೆಳಗೆ ಕಾಯುವ,
ನಿಮ್ಮ ಪೂರ್ಣಿ