ಕ್ಯಾಮೆರಾದ ಕೆಂಪು ನಾಲಿಗೆ

ಮಾರ್ಚ್ ೧೪, ಗುರುವಾರ.

ಮೈ ಇನ್ನೂ ಉರಿಯುತ್ತಿದೆ. ಅಪ್ಪನ ಹಳೇ ಜಪಾನಿ ಕ್ಯಾಮೆರಾ ಕೆಟ್ಟಿದೆಯೆಂದು ಅಣ್ಣ ತಾನೇ ತೀರ್ಮಾನಿಸಿ, ಹಿಂದಿನ ಮುಚ್ಚಳ ತೆಗೆದು, ರೀಲನ್ನು ಪೂರ್ತಿ ಎಳೆದು, ಚಿತ್ರ ಬಂದಿದೆಯೇ ಎಂದು ಬಿಸಿಲಿಗೆ ಹಿಡಿದು ನೋಡಿದ್ದಾನೆ! ಆಸ್ಪತ್ರೆ ಸೇರುವ ಮುನ್ನ ಅಮ್ಮ ನಕ್ಕಿದ್ದೆಲ್ಲ ಅದರಲ್ಲಿತ್ತು; ಬೆಳಕು ಬಿದ್ದು ಎಲ್ಲ ಅಳಿಸಿಹೋಯಿತು. ಮತ್ತೆ ತೆಗೆಯೋಣವೆಂದರೆ ಅಮ್ಮನಿಲ್ಲ.

"ಒಳಕೋಣೇಲಿ ಎಷ್ಟು ಒತ್ತಿದ್ರೂ ಕ್ಲಿಕ್ ಆಗ್ಲಿಲ್ಲ ಕಣೇ, ಕೆಂಪಗೆ ಏನೋ ಅಡ್ಡ ಬಂತು" ಎಂಬ ಸಮಜಾಯಿಷಿ ಬೇರೆ.

ಕೆಟ್ಟಿರಲಿಲ್ಲ. ಬೆಳಕು ಸಾಲದಿದ್ದರೆ ಅದು ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಕೆಂಪು ನಾಲಿಗೆ ಚಾಚಿ ಸುಮ್ಮನಾಗುತ್ತದೆ, ಅಷ್ಟೇ. ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಇವನು ಯಾವತ್ತು ಯಾರನ್ನು ಕೇಳಿದ್ದಾನೆ!

ಐವತ್ತು ವರ್ಷದ ಆ ಡಬ್ಬಿಯಾದರೂ ಅವನ ಮುಖಕ್ಕೆ ಹೊಡೆದಂತೆ ‘ಆಗುವುದಿಲ್ಲ’ ಎಂದಿತು. ನಾನು ನಗುನಗುತ್ತಾ "ಪರವಾಗಿಲ್ಲ ಬಿಡಣ್ಣ" ಎಂದೆ.