ಕರಿ ಕುರಿಗಳಿಗೇಕೆ ಏನೂ ಆಗಲಿಲ್ಲ

ಬಿಸಿಲುಹೊಲ, ಕೊಪ್ಪಳ ಸೀಮೆ
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರ ತೊಂಬತ್ತೊಂದು

ಮನೆಯಲ್ಲೇ ಕುಳಿತು ವಿಶ್ವವಿದ್ಯಾಲಯದ ಪಾಠ ಓದುತ್ತಿರುವ, ನಾನು ಎಂದೂ ಕಾಣದ ನಿಮಗೆ,

ಹಾಲವ್ವನ ಶರಣಾರ್ಥಿ. ಮೇಲಿನ ತಾರೀಖು ನೋಡಿ ಈಕೆಗೆ ಲೆಕ್ಕ ಬರುವುದಿಲ್ಲ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಪಂಚಾಂಗ ತಿದ್ದಿದವರು ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಆ ಕೊನೆಯ ದಿನ ಹಿಂದೋಲೆ ಬರೆಯುವುದು ನಮ್ಮ ರೂಢಿ. ಹಿಂದೋಲೆ ಎಂದರೆ ಹಿಂದಿನ ಕಾಲದವರಿಗೆ ಬರೆಯುವ ಕಾಗದ. ಅದು ಮುಟ್ಟುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಹಿರಿಯರಿಗೆ ಎಡೆ ಇಟ್ಟ ಹಾಗೆ, ಇಟ್ಟು ಕೈಮುಗಿಯುತ್ತೇವೆ, ಅಷ್ಟೇ. ನಿಮ್ಮ ಕಾಲದ ಪುಸ್ತಕದ ಕನ್ನಡವನ್ನು ಕಲಿತು ಬರೆಯುತ್ತಿದ್ದೇನೆ. ಅಲ್ಲಲ್ಲಿ ನಮ್ಮ ಮಾತು ನುಸುಳಿ ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಬೇಕು. ಇವತ್ತು ನನಗಿರುವ ಸಂಭ್ರಮದಲ್ಲಿ ಪದಗಳನ್ನು ಆರಿಸುತ್ತ ಕೂರುವ ತಾಳ್ಮೆ ಇಲ್ಲ.

ನಾನು ಕುರಿಗಾರ್ತಿ. ನಮ್ಮ ಸೋದರಮಾವ ಗದ್ದೆಪ್ಪ ಮತ್ತು ನಾನು ಸೇರಿ ಒಂದು ಹಿಂಡು ಸಾಕಿದ್ದೇವೆ. ಬಿಸಿಲುಹೊಲ ಎಂದರೆ ಬಿಸಿಲಿನಿಂದ ವಿದ್ಯುತ್ತು ಬೆಳೆಯುವ ಹೊಲ. ನಿಮ್ಮ ಕಾಲದಲ್ಲೂ ಇತ್ತಂತೆ, ಸಣ್ಣದಾಗಿ. ಈಗ ಅದು ಕಣ್ಣು ಹಾಯುವಷ್ಟು ದೂರ ಹಬ್ಬಿದೆ. ಎತ್ತರದ ಕಂಬಗಳ ಮೇಲೆ ಬಿಸಿಲು ಹಿಡಿಯುವ ಹಲಗೆಗಳು, ಅವುಗಳ ಕೆಳಗೆ ನೆರಳು, ನೆರಳಿನಲ್ಲಿ ಹುಲ್ಲು. ಆ ಹುಲ್ಲು ಬೆಳೆದು ಹಲಗೆ ಮುಟ್ಟದ ಹಾಗೆ ನೋಡಿಕೊಳ್ಳುವುದು ನಮ್ಮ ಕುರಿಗಳ ಕೆಲಸ. ಅದಕ್ಕಾಗಿಯೇ ನಮ್ಮನ್ನು ಇಲ್ಲಿ ಇರಿಸಿಕೊಂಡಿದ್ದಾರೆ. ಬೇಸಗೆಯಲ್ಲಿ ಹಗಲು ಹೊರಗೆ ಬರುವಂತಿಲ್ಲ. ನಸುಕಿನಲ್ಲಿ ಮೇಯಿಸುತ್ತೇವೆ, ಹೊತ್ತು ಏರಿದ ಮೇಲೆ ಕುರಿಗಳ ಜೊತೆಗೇ ನೆರಳಲ್ಲಿ ಮಲಗುತ್ತೇವೆ. ಕಂಬಳಿಗೆ ಮತ್ತೆ ಬೇಡಿಕೆ ಬಂದಿದೆ. ಈಗ ಅದನ್ನು ಹೊದೆಯುವವರಿಗಿಂತ ಮನೆಯ ಗೋಡೆಗೆ ಹೊದಿಸುವವರೇ ಹೆಚ್ಚು. ಗೋಡೆ ತಂಪಾಗಿರುತ್ತದೆ. ಊಟ ಮಾತ್ರ ನೀವು ಉಂಡದ್ದೇ: ಜೋಳದ ರೊಟ್ಟಿ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ. ಕೊರಳಲ್ಲಿ ಮಾತುಮಣಿ ಇರುತ್ತದೆ. ಅದನ್ನು ಒತ್ತಿದರೆ ದೂರದವರ ಜೊತೆ ಮಾತಾಡಬಹುದು. ಚೀಲದಲ್ಲಿ ಓದುಹಲಗೆ ಇರುತ್ತದೆ. ನನ್ನ ವಿಶ್ವವಿದ್ಯಾಲಯವೆಲ್ಲ ಅದರಲ್ಲೇ.

ಹೌದು, ನಾನೂ ನಿಮ್ಮ ಹಾಗೆಯೇ. ಕುರಿ ಮೇಕೆಗಳ ಆರೋಗ್ಯ ಎಂಬ ಪದವಿಗೆ ಹೆಸರು ಹಚ್ಚಿದ್ದೇನೆ. ತಿಂಗಳಿಗೊಮ್ಮೆ ಪಾಠ ಬರುತ್ತದೆ, ಓದಿ ಉತ್ತರ ಬರೆದು ಕಳಿಸುತ್ತೇನೆ. ಗುರುತಿನ ಚೀಟಿಯ ಮೇಲೆ ನನ್ನ ಹೆಸರಿನ ಮುಂದೆ ‘ದೂರ’ ಎಂದು, ಅಂದರೆ ದೂರದಲ್ಲಿದ್ದು ಕಲಿಯುವವಳು ಎಂದು, ಅಚ್ಚಾಗಿದೆ. ಧಾರವಾಡದಲ್ಲಿ ನಮ್ಮ ವಿಶ್ವವಿದ್ಯಾಲಯಕ್ಕೆ ದೊಡ್ಡ ಗ್ರಂಥಾಲಯವಿದೆ ಎಂದು ತಿಳಿದಿತ್ತು. ಅದು ಆ ಕಟ್ಟಡದೊಳಗೆ ಕಾಲಿಡುವವರದು, ನಮಗೆ ಪಾಠದ ಕಟ್ಟು ಬಂದರೆ ಅದೇ ಹೆಚ್ಚು ಎಂದುಕೊಂಡಿದ್ದೆ. ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಹಾಗಲ್ಲ ಎಂದೂ ಯಾರೂ ಹೇಳಿರಲಿಲ್ಲ.

ಕಳೆದ ಮುಂಗಾರಿನಲ್ಲಿ ಒಂದು ದೊಡ್ಡ ಮಳೆ ಬಿದ್ದು ನಿಂತಿತು. ಅದೇ ಹೊತ್ತಿಗೆ ನಮ್ಮ ಪಾಲಿನ ಹೊಲದಲ್ಲಿ ಹಳೆಯ ಹಲಗೆ ತೆಗೆದು ಹೊಸದು ಕೂಡಿಸುವ ಕೆಲಸ ಶುರುವಾಯಿತು. ಅಲ್ಲಿಯವರೆಗೆ ಪಕ್ಕದ ಬಟ್ಟಬಯಲಿನಲ್ಲಿ ಮೇಯಿಸಿಕೊಳ್ಳಿ ಎಂದರು. ಮಳೆಗೆ ಬಯಲೆಲ್ಲ ಹಸಿರಾಗಿತ್ತು, ಕುರಿಗಳು ಆಸೆಯಿಂದ ಮೇಯ್ದವು. ಆಮೇಲೆ ಬಿಸಿಲು ಕೆರಳಿತು, ಹಸಿರು ಬಾಡಿತು. ಒಂದು ಬೆಳಿಗ್ಗೆ ನೋಡಿದರೆ ನಮ್ಮ ಯಳಗ ತಳಿಯ ಬಿಳಿ ಕುರಿಗಳ ಮುಖ ಊದಿಕೊಂಡಿತ್ತು. ಕಿವಿಗಳು ದಪ್ಪಗಾಗಿ ಜೋತಿದ್ದವು. ತುಟಿಯಲ್ಲಿ ಹುಣ್ಣು. ತಲೆಯನ್ನು ಕಲ್ಲಿಗೆ ತಿಕ್ಕುತ್ತಿದ್ದವು. ನಾನು ಹುಟ್ಟಿದಾಗಿನಿಂದ ಕುರಿಗಳ ನಡುವೆ ಇದ್ದೇನೆ, ಮಾವ ನನಗಿಂತ ಹೆಚ್ಚು ನೋಡಿದವನು. ಇಬ್ಬರಿಗೂ ತಿಳಿಯಲಿಲ್ಲ.

ಡಾಕ್ಟರ್ ವೃಷಭೇಂದ್ರ ಬಂದರು. ಬಿಸಿಲುಹೊಲದ ಎಲ್ಲ ಹಿಂಡುಗಳಿಗೂ ಅವರೇ ವೈದ್ಯರು, ಒಳ್ಳೆಯವರು. ರೋಗಗನ್ನಡಿ ಹಿಡಿದು ನೋಡಿದರು. ಕಾಯಿಲೆಯ ಪ್ರಾಣಿಯ ಮುಂದೆ ಹಿಡಿದರೆ ರೋಗದ ಹೆಸರು ಹೇಳುವ ಗಾಜು ಅದು. ನೀಲಿನಾಲಿಗೆ ಎಂದಿತು. ಅದು ನುಸಿಯಿಂದ ಹರಡುವ ಜಾಡ್ಯ. ನನ್ನ ಅಜ್ಜಿಯ ಕಾಲದಲ್ಲಿ ಹೊಸ ರೂಪದಲ್ಲಿ ಬಂದು ಈ ಸೀಮೆಯ ಹಿಂಡುಗಳನ್ನೆಲ್ಲ ಗುಡಿಸಿಹಾಕಿತ್ತು. ಆಮೇಲೆ ಒಂದು ಕಾನೂನು ಬಂತು: ಒಂದು ಕುರಿಗೆ ಬಂದರೂ ಆ ಹಿಂಡನ್ನು ಉಳಿಸುವಂತಿಲ್ಲ, ಪೂರ್ತಿ ಕೊಲ್ಲಬೇಕು. ಡಾಕ್ಟರು ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಆದರೆ ಅದರ ಫಲ ಬರುವುದು ತಡ, ಕಾನೂನು ಅಲ್ಲಿಯವರೆಗೆ ಕಾಯುವುದಿಲ್ಲ ಎಂದು ತಲೆ ತಗ್ಗಿಸಿ ಹೇಳಿದರು. ನಾಳೆ ಸಂಜೆ ಆಳುಗಳು ಬರುತ್ತಾರೆ ಎಂದರು. ಮಾವ ಹಿಂಡಿನ ನಡುವೆ ಹೋಗಿ ಕುಳಿತ. ಒಂದು ಮುದಿ ಟಗರು ಬಂದು ಅವನ ತೊಡೆಯ ಮೇಲೆ ಊದಿದ ಮುಖ ಇಟ್ಟಿತು.

ನಾನು ನನ್ನ ಪಾಠಗಳನ್ನೆಲ್ಲ ತಿರುವಿಹಾಕಿದೆ. ನೀಲಿನಾಲಿಗೆಯ ಬಗ್ಗೆ ಎರಡು ಪುಟವಿತ್ತು. ಅದರಲ್ಲಿದ್ದದ್ದು ನಮ್ಮ ಕುರಿಗಳಿಗೆ ಹೊಂದುತ್ತಿತ್ತು, ಹೊಂದುತ್ತಲೂ ಇರಲಿಲ್ಲ. ಏನೋ ಒಂದು ತಪ್ಪಿದೆ ಎಂದು ಒಳಗೆ ಚುಚ್ಚುತ್ತಿತ್ತು. ಅದನ್ನು ಮಾತಿಗೆ ತರಲು ಬರಲಿಲ್ಲ. ಕೊನೆಗೆ, ಆದದ್ದಾಗಲಿ, ಬೈದರೆ ಬೈಸಿಕೊಂಡರಾಯಿತು ಎಂದು ಮಾತುಮಣಿ ಒತ್ತಿ ಗ್ರಂಥಾಲಯವನ್ನು ಕೇಳಿದೆ. ಒಬ್ಬ ಹೆಂಗಸಿನ ದನಿ ಬಂತು. ಆಕೆಯ ಹೆಸರು ತಬಸ್ಸುಮ್ ಸವಣೂರ, ಅಲ್ಲಿಯ ಗ್ರಂಥಪಾಲಕಿ. ನಾನು ದೂರದ ವಿದ್ಯಾರ್ಥಿ, ನನಗೆ ಪುಸ್ತಕ ಕೊಡಲು ಬರುತ್ತದೆಯೇ ಎಂದು ಮೊದಲು ಕೇಳಿದೆ.

“ನೀವು ವಿದ್ಯಾರ್ಥಿ ಅದೀರಿ, ಅಷ್ಟ ಸಾಕು,” ಎಂದರು. “ದೂರ ಅನ್ನೋದು ನಮ್ಮ ಕೆಲಸ. ನಿಮ್ಮದಲ್ಲ.”

ಪುಸ್ತಕದ ಹೆಸರು ಗೊತ್ತಿಲ್ಲ ಎಂದೆ, ನಾಚಿಕೆಯಿಂದ.

“ಹೆಸರು ಗೊತ್ತಿದ್ರ ನಾ ನಿಮಗ ಯಾಕ ಬೇಕಾಗ್ತಿದ್ದೆ, ಹಾಲವ್ವಾರ? ಪುಸ್ತಕ ಇರಲಿ. ಕುರಿ ಬಗ್ಗೆ ಹೇಳ್ರಿ.”

ಹೇಳಿದೆ. ಮುಖ, ಕಿವಿ, ತುಟಿ, ಮಳೆ, ಬಿಸಿಲು, ಎಲ್ಲ ಹೇಳಿದೆ. ಆಕೆ ನಡುನಡುವೆ ಕೇಳುತ್ತಿದ್ದರು: ಎಲ್ಲಿ ಮೇಯ್ದವು, ಎಲ್ಲಿ ಮಲಗಿದವು, ನೀರು ಯಾವುದು. ಮಾವ ಮೆಲ್ಲಗೆ ಎದ್ದು ಬಂದು ಪಕ್ಕದಲ್ಲಿ ನಿಂತ. ಈಕೆ ಕುರಿ ಸಾಕಿದವಳೇನು ಎಂದು ನನ್ನನ್ನು ಕೇಳಿದ. ಇಲ್ಲವಂತೆ ಎಂದೆ. ಹಾಗಾದರೆ ಇಷ್ಟೆಲ್ಲ ಯಾಕೆ ಕೇಳುತ್ತಾಳೆ ಎಂದು ಅವನಿಗೆ ಆಶ್ಚರ್ಯ. ಆಗ ತಬಸ್ಸುಮ್ ಇನ್ನೊಂದು ಪ್ರಶ್ನೆ ಕೇಳಿದರು.

“ಯಾವ ಕುರಿಗೆ ಆಗೇತಿ ಅಂತ ಹೇಳಿದ್ರಿ. ಯಾವುಕ್ಕ ಆಗಿಲ್ಲ?”

ನಾನು ಬಾಯಿ ತೆರೆಯುವ ಮೊದಲೇ ಮಾವ ನನ್ನ ಕೊರಳಿನ ಮಣಿಗೆ ಬಾಗಿ ಉತ್ತರ ಕೊಟ್ಟ. “ಕರಿ ಕುರಿಗೆ ಏನೂ ಆಗಿಲ್ಲ, ತಾಯಿ. ಒಂದಕ್ಕೂ ಆಗಿಲ್ಲ.”

ನನಗೆ ಚುಚ್ಚುತ್ತಿದ್ದದ್ದು ಅದೇ! ಕಣ್ಣೆದುರಿಗೇ ಇತ್ತು. ನುಸಿಗೆ ಕರಿ ಕುರಿ, ಬಿಳಿ ಕುರಿ ಎಂಬ ಭೇದ ಎಲ್ಲಿಯದು? ಮರಿ ಹಾಕಿ ನೆರಳಿನ ದೊಡ್ಡಿಯಲ್ಲೇ ಉಳಿದಿದ್ದ ಕುರಿಗಳೂ ಚೆನ್ನಾಗಿದ್ದವು ಎಂಬುದು ಆಗ ನೆನಪಾಯಿತು. ಬೇನೆ ಬಿದ್ದವುಗಳ ಕಣ್ಣು ಹಳದಿಯಾಗಿದೆ ಎಂದೂ ಸೇರಿಸಿದೆ. ಸ್ವಲ್ಪ ಸಮಯ ಕೊಡಿ ಎಂದು ತಬಸ್ಸುಮ್ ಹೋದರು.

ಆ ಮಧ್ಯಾಹ್ನವನ್ನು ನಿಮಗೆ ಹೇಗೆ ತೋರಿಸಲಿ? ಆಗಲೇ ಕೂಡಿಸಿ ಮುಗಿದಿದ್ದ ಹೊಸ ಹಲಗೆಗಳ ಮೇಲೆ ಬಿಸಿಲು ಸುರಿಯುತ್ತಿತ್ತು, ಕೆಳಗೆ ನಾನು ಓದುಹಲಗೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ, ಒಂದೊಂದಾಗಿ ಬರಹಗಳು ಬರತೊಡಗಿದವು. ಬಿಸಿಲು ತಾಗಿ ಚರ್ಮ ಬೇಯುವ ರೋಗಗಳ ಮೇಲಿನ ಒಂದು ದೊಡ್ಡ ಪುಸ್ತಕದ ಅಧ್ಯಾಯ. ವಿಷದ ಗಿಡಗಳ ಚಿತ್ರಗಳು. ಆಮೇಲೆ ಒಂದು ಹಳೆಯ, ಬಹಳ ಹಳೆಯ ಲೇಖನ. ಅದು ನಮ್ಮ ಗ್ರಂಥಾಲಯದಲ್ಲಿ ಇರಲೇ ಇಲ್ಲ. ಸಮುದ್ರದ ಆಚೆಯ ಇನ್ನೊಂದು ಗ್ರಂಥಾಲಯದಿಂದ ತಬಸ್ಸುಮ್ ಅದನ್ನು ಎರವಲು ತರಿಸಿ, ಅಲ್ಲಿಯ ಭಾಷೆಯಿಂದ ಕನ್ನಡಕ್ಕೆ ಮಾಡಿಸಿ ಕಳಿಸಿದ್ದರು. ಒಣ ಬಯಲಿನ ಒಂದು ದೂರದೇಶದ ಕುರಿಗಾರರು ಆ ರೋಗವನ್ನು ‘ಹಳದಿ ದಪ್ಪತಲೆ’ ಎಂದು ಕರೆಯುತ್ತಿದ್ದರಂತೆ. ಜೊತೆಗೆ ಒಂದು ಕುರಿಯ ಚಿತ್ರವಿತ್ತು. ಮಾವನಿಗೆ ತೋರಿಸಿದೆ. ಅವನು ನೋಡಿ, ನಮ್ಮ ಕುರಿಯ ಚಿತ್ರ ಅವರ ಕೈಗೆ ಹೇಗೆ ಸಿಕ್ಕಿತು ಎಂದು ಕೇಳಿದ.

ಅದಕ್ಕೆ ಕಾರಣವಾದ ಗಿಡದ ಚಿತ್ರ ತೆರೆದೆ. ನೆಗ್ಗಿಲು ಮುಳ್ಳು! ಬರಿಗಾಲಲ್ಲಿ ನಡೆದವರಿಗೆಲ್ಲ ಗೊತ್ತಿರುವ, ನೆಲಕ್ಕೆ ಹಬ್ಬುವ ಹಳದಿ ಹೂವಿನ ಬಳ್ಳಿ. ಬರದ ಮೇಲೆ ಮಳೆಯಾದಾಗ ಮೊದಲು ಏಳುವುದು ಅದೇ. ಎಳೆಯದು ಬಿಸಿಲಿಗೆ ಬಾಡಿದಾಗ ಕುರಿ ಹೊಟ್ಟೆತುಂಬ ತಿಂದರೆ ಒಮ್ಮೊಮ್ಮೆ ಪಿತ್ತಜನಕಾಂಗ ಕೆಡುತ್ತದೆ, ಆಗ ಬಿಸಿಲೇ ವಿಷವಾಗುತ್ತದೆ. ಬಿಳಿ ಚರ್ಮ ಬೇಯುತ್ತದೆ, ಕಪ್ಪು ಚರ್ಮ ತಡೆಯುತ್ತದೆ. ನಾನು ಬಟ್ಟಬಯಲಿಗೆ ಓಡಿದೆ. ಬಯಲಿನ ತುಂಬ ಅದೇ, ಮೊಟಕಾಗಿ ಮೇಯ್ದ ಬಳ್ಳಿಗಳು.

ಮರುದಿನ ಬೆಳಿಗ್ಗೆಯೇ ಡಾಕ್ಟರ ಮನೆಗೆ ಹೋದೆ. ಅವರು ಚಹಾ ಕೊಟ್ಟು, ಕುಳಿತು ಪ್ರತಿಯೊಂದನ್ನೂ ಓದಿದರು. ಸುಮ್ಮನೆ ಒಪ್ಪಲಿಲ್ಲ. ಜ್ವರ ಎಷ್ಟಿದೆ, ಕುಂಟುತ್ತಿವೆಯೇ, ನಾಲಿಗೆಯ ಬಣ್ಣ ಏನು ಎಂದು ಮೇಲಿಂದ ಮೇಲೆ ಕೇಳಿದರು. ಕಾಲೇಜಿನಲ್ಲಿ ಇಂಥದೊಂದರ ಹೆಸರು ಕೇಳಿದ ನೆನಪು, ಕಂಡದ್ದಿಲ್ಲ ಎಂದರು. ಆಮೇಲೆ ಹೇಳಿದರು: “ಹಾಲವ್ವ, ಇದು ತಪ್ಪಾದ್ರ ಸುತ್ತಲಿನ ಎಲ್ಲಾ ಹಿಂಡಿಗೂ ನಾ ಉತ್ತರ ಕೊಡಬೇಕಾಗ್ತದ.”

“ನಾನೂ ನಿಮ್ಮ ಜೋಡಿ ನಿಂತು ಕೊಡ್ತೀನ್ರಿ,” ಎಂದೆ. “ಒಮ್ಮೆ ಬಂದು ಕಣ್ಣು ನೋಡ್ರಿ. ಅರಿಷಿಣ ಆಗ್ಯಾವು.”

ಬಂದರು. ಒಂದೊಂದು ಕುರಿಯ ರೆಪ್ಪೆಯನ್ನೂ ಮಡಚಿ ನೋಡಿದರು. ಕರಿಯವನ್ನು ಬೇರೆ ನಿಲ್ಲಿಸಿ ನೋಡಿದರು. ಎದ್ದು ನಿಂತು, ನನ್ನ ಹೊಣೆಯ ಮೇಲೆ ರಕ್ತದ ಫಲ ಬರುವವರೆಗೆ ಹಿಂಡನ್ನು ಕೊಲ್ಲದೆ ಉಳಿಸಿಕೊಂಡಿದ್ದೇನೆ ಎಂದು ಮೇಲಿನವರಿಗೆ ತಿಳಿಸಿದರು. ಹಿಂಡಿನ ಸುತ್ತ ನುಸಿಬಲೆ ಕಟ್ಟಿಸಿದರು, ಆ ಹೊಸ ಹಲಗೆಗಳ ದಟ್ಟ ನೆರಳಿಗೆ ಎಲ್ಲವನ್ನೂ ಸೇರಿಸಿ ಎಂದರು. ನಡೆಯಲಾರದವನ್ನು ಮಾವ ಹೆಗಲ ಮೇಲೆ ಹೊತ್ತು ತಂದ. ಡಾಕ್ಟರೂ ಎರಡನ್ನು ಹೊತ್ತರು, ಅಂಗಿಯೆಲ್ಲ ಕೀವು ಮೆತ್ತಿಕೊಂಡು. ಹಗಲೆಲ್ಲ ನೆರಳು, ಕೊಯ್ದು ತಂದ ಹುಲ್ಲು, ಹುಣ್ಣಿಗೆ ಬೇವಿನೆಣ್ಣೆ. ತಬಸ್ಸುಮ್ ದಿನಾ ಮಣಿಯಲ್ಲಿ ವಿಚಾರಿಸುತ್ತಿದ್ದರು, ನಾನು ಓದುಹಲಗೆಯಿಂದ ಕುರಿಗಳ ಚಿತ್ರ ಕಳಿಸುತ್ತಿದ್ದೆ. ಕೆಲವು ಸತ್ತವು. ಆ ಮುದಿ ಟಗರೂ ಹೋಯಿತು. ಮಾವ ಅದನ್ನು ಯಾರಿಗೂ ಮುಟ್ಟಗೊಡದೆ ತಾನೇ ಮಣ್ಣು ಮಾಡಿದ. ಉಳಿದವುಗಳ ಊತ ಮೆಲ್ಲಗೆ ಇಳಿಯಿತು, ಒಣಗಿದ ಚರ್ಮ ಉದುರಿ ಕೆಳಗೆ ಗುಲಾಬಿ ಬಣ್ಣದ ಹೊಸ ಚರ್ಮ ಕಂಡಿತು. ರಕ್ತದ ಫಲ ಬಂದ ದಿನ ಡಾಕ್ಟರು ತಾವೇ ನಡೆದು ಬಂದು ನೀಲಿನಾಲಿಗೆ ಅಲ್ಲ ಎಂದು ಹೇಳಿದರು. ಹೇಳಿ, ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಮೂವರೂ ರೊಟ್ಟಿ ತಿಂದೆವು. ಅಷ್ಟು ರುಚಿಯ ರೊಟ್ಟಿಯನ್ನು ನಾನು ಮತ್ತೆ ತಿಂದಿಲ್ಲ.

ಇದೆಲ್ಲವನ್ನೂ ಒಂದು ವರದಿಯಾಗಿ ಬರೆಯಿರಿ ಎಂದು ತಬಸ್ಸುಮ್ ಹಟ ಹಿಡಿದರು. ಡಾಕ್ಟರು ತಿದ್ದಿಕೊಟ್ಟರು. ಅದನ್ನು ಗ್ರಂಥಾಲಯಕ್ಕೆ ಸೇರಿಸುವ ದಿನ ಮಾವನನ್ನೂ ಕರೆದುಕೊಂಡು ಮೊದಲ ಸಲ ಧಾರವಾಡಕ್ಕೆ ಹೋದೆ. ತಬಸ್ಸುಮ್ ನಾನು ಅಂದುಕೊಂಡದ್ದಕ್ಕಿಂತ ಗಿಡ್ಡ, ನಾನು ಅಂದುಕೊಂಡದ್ದಕ್ಕಿಂತ ಚಿಕ್ಕವಳು. ನಮ್ಮ ಕುರಿಗಳನ್ನು ಮುಖ ನೋಡಿಯೇ ಗುರುತಿಸುವಷ್ಟು ಚಿತ್ರ ನೋಡಿದ್ದಳು. ಕಪಾಟುಗಳ ಸಾಲಿನಲ್ಲಿ ಮಾವ ರುಮಾಲು ತೆಗೆದು ಕೈಯಲ್ಲಿ ಹಿಡಿದು ನಡೆದ. ಇಷ್ಟೂ ನಿನ್ನವೇನು ಎಂದು ನನ್ನನ್ನು ಕೇಳಿದ. ಹೌದು ಮಾವ, ಎಂದೆ.

ನಿನ್ನೆ ಬಂದ ಸುದ್ದಿಯೇ ಇವತ್ತಿನ ನನ್ನ ಸಂಭ್ರಮ. ಕಡಲ ನಡುವಿನ ಯಾವುದೋ ದ್ವೀಪದಲ್ಲಿ ಮೇಕೆ ಸಾಕುವ ಒಬ್ಬ ಹೆಂಗಸು ತನ್ನ ಗ್ರಂಥಾಲಯದ ಮೂಲಕ ನನ್ನ ವರದಿಯನ್ನು ಎರವಲು ಕೇಳಿದ್ದಾಳೆ. ಆಕೆಯೂ ದೂರದ ವಿದ್ಯಾರ್ಥಿಯೇ. ತಬಸ್ಸುಮ್ ಅದನ್ನು ಆಕೆಯ ಭಾಷೆಗೆ ಮಾಡಿಸುತ್ತಿದ್ದಾಳೆ. ನೆಗ್ಗಿಲು ಎಂಬ ಪದಕ್ಕೆ ಅಲ್ಲಿ ಏನನ್ನುತ್ತಾರೆ ಎಂದು ನಾವಿಬ್ಬರೂ ಹುಡುಕುತ್ತಿದ್ದೇವೆ.

ಇನ್ನು ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ವಿಶ್ವವಿದ್ಯಾಲಯಕ್ಕೂ ಗ್ರಂಥಾಲಯವಿದೆ, ಅಲ್ಲಿಯೂ ಯಾರೋ ಒಬ್ಬರು ಮೇಜಿನ ಹಿಂದೆ ಕುಳಿತಿರುತ್ತಾರೆ. ನಿಮಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ನಿಮ್ಮಷ್ಟಕ್ಕೆ ನೀವೇ ತೀರ್ಮಾನಿಸಬೇಡಿ, ಅವರನ್ನು ಕೇಳಿ. ಪ್ರಶ್ನೆ ನೆಟ್ಟಗಿರದಿದ್ದರೂ ನಡೆಯುತ್ತದೆ. ನನಗೆ ಉತ್ತರ ಬರೆಯಲು ನಿಮಗೆ ದಾರಿಯಿಲ್ಲ, ಬಲ್ಲೆ. ನನಗೆ ಬರೆಯಬೇಕೆಂದು ನಿಮಗೆ ಅನಿಸಿದರೆ, ಆ ಕಾಗದವನ್ನು ನಿಮ್ಮ ಗ್ರಂಥಾಲಯದವರಿಗೆ ಬರೆಯಿರಿ. ಇವತ್ತೇ ಬರೆಯಿರಿ.

ನಿಮ್ಮ ಸಹಪಾಠಿ,
ಹಾಲವ್ವ